ಮನೆ ಮುಂದೆ ಇಳಿದ ಲಾರಿ ಇಂಜಿನ್ನು

ನಮ್ಮ ಭಾವನಿಗೆ, ಅಂದರೆ ನಮ್ಮಕ್ಕನ ಗಂಡನಿಗೆ, ತಲೆ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಇದೆ. ಅದನ್ನೂ ಒಮ್ಮೆ ಬಿಚ್ಚಿ ನೋಡಿ, ಮತ್ತೆ ಜೋಡಿಸುವಾಗ ಒಂದೆರಡು ನಟ್ಟು ಮಿಗಿಸಿಕೊಂಡಿದ್ದಾರೆ, ಅಷ್ಟೇ!

ಅವರು ಬಿಚ್ಚಿ ಜೋಡಿಸಿದ ಮಿಕ್ಸಿ ಇವತ್ತಿಗೂ ಜೋರಾಗಿ ತಿರುಗುತ್ತದೆ. ನಿಲ್ಲಿಸಬೇಕಾದರೆ ಮಾತ್ರ ಮನೆಯ ಮೇನ್ ಸ್ವಿಚ್ಚೇ ಆಫ್ ಮಾಡಬೇಕು. ಇಂಥವರ ಕೈಗೆ ಲಾರಿ ಇಂಜಿನ್ ಸಿಕ್ಕರೆ?

ಸಿಕ್ಕಿತು! ಭಾವನದ್ದು ಸ್ವಂತ ಲಾರಿ. ಅವರೇ ಮಾಲೀಕರು, ಅವರೇ ಡ್ರೈವರ್. ಅದು ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಹಿಂದಿನವರಿಗೆ ಆಕಾಶವೇ ಕಾಣದಷ್ಟು ಹೊಗೆ ಬಿಡುತ್ತಿತ್ತು. ಸಾಲದ್ದಕ್ಕೆ ಕ್ಲಚ್ಚೂ ಜಾರುತ್ತಿತ್ತು. ಇಂಜಿನ್ನು, ಗೇರ್‌ಬಾಕ್ಸು ಎರಡೂ ಕೆಳಗಿಳಿಯಬೇಕು ಅಂದ ಮೆಕ್ಯಾನಿಕ್, ಹೋದಾಗಲೆಲ್ಲ "ನಾಳೆ ಬನ್ನಿ ಅಣ್ಣಾ" ಅನ್ನುತ್ತಿದ್ದ. ಭಾವನಿಗೆ ರೇಗಿತು. ಲಾರಿಯನ್ನು ಸೀದಾ ಬ್ಯಾಟರಾಯನಪುರದ ಮನೆ ಮುಂದಿನ ಖಾಲಿ ಸೈಟಿಗೆ ತಂದು ನಿಲ್ಲಿಸಿದರು.

"ನಾನೇ ಇಳಿಸ್ತೀನಿ. ಮನೆ ಮುಂದೇನೇ!"

"ಮನೆ ಮುಂದೆ ರಂಗೋಲಿ ಹಾಕ್ತಾರೆ ಕಣ್ರೀ, ಇಂಜಿನ್ ಇಳಿಸಲ್ಲ!" ಅಂದಳು ಅಕ್ಕ. ಆಮೇಲೆ ನನಗೆ ಫೋನು: "ಬೇಗ ಬಾರೋ, ನಿಮ್ಮ ಭಾವ ಲಾರಿನ ಕುಯ್ತಾ ಇದ್ದಾರೆ!"

ವಿದ್ಯಾರಣ್ಯಪುರದಿಂದ ಬಸ್ಸು ಹಿಡಿದು ಓಡಿದೆ. ನಾನು ಹೋಗುವಷ್ಟರಲ್ಲಿ ಲಾರಿಯ ಮೂತಿಯೇ ಮಾಯ! ಬಂಪರ್, ರೇಡಿಯೇಟರ್ ಎಲ್ಲ ಜಗಲಿಯ ಮೇಲೆ ಕಾಲು ಚಾಚಿ ಮಲಗಿದ್ದವು. ಗೇರ್‌ಬಾಕ್ಸನ್ನು ಆಗಲೇ ಅಡಿಯಿಂದ ಜಾಕ್ ಮೇಲೆ ಇಳಿಸಿಯಾಗಿತ್ತು. ಕಬ್ಬಿಣದ ಪೈಪುಗಳ ಮುಕ್ಕಾಲಿ ಕಟ್ಟಿ, ಅದಕ್ಕೆ ಚೈನ್ ಪುಲ್ಲಿ ತೂಗುಹಾಕಿ, ಭಾವ ಇಂಜಿನ್ನನ್ನು ಎಳೆಯತೊಡಗಿದ್ದರು. ಕಾಂಪೌಂಡಿನ ಆಚೆ ನಿಂತಿದ್ದ ಪಕ್ಕದ ಮನೆಯವರು, ಧಾರವಾಡ ಕಡೆಯ ನಿವೃತ್ತ ಮೇಷ್ಟ್ರು, ತೀರ್ಪು ಕೊಟ್ಟೇಬಿಟ್ಟರು: "ಇದು ಆಗೂ ಮಾತಲ್ಲ, ಬಿಡ್ರಿ!"

ಇಂಜಿನ್ ಕಿರ್‌ ಅಂತ ಮೇಲೆದ್ದಿತು. ಅಷ್ಟರಲ್ಲಿ ಮುಕ್ಕಾಲಿಯ ಒಂದು ಕಾಲು ಮಣ್ಣಿನಲ್ಲಿ ಹೂತುಕೊಳ್ಳತೊಡಗಿತು! ಮುಕ್ಕಾಲಿ ವಾಲಿತು, ಇಂಜಿನ್ ತೂಗಾಡಿತು. "ದೂರ ಹೋಗ್ರೋ ಎಲ್ಲಾ!" ಅಂತ ಭಾವ ಕೂಗಿ, ಸರಸರ ಚೈನು ಬಿಟ್ಟು ಇಂಜಿನ್ನನ್ನು ಮತ್ತೆ ಅದರ ಜಾಗದಲ್ಲೇ ಕೂರಿಸಿದರು. ಅಕ್ಕ ಒಳಗೆ ಹೋಗಿ ಊಟದ ಮಣೆಗಳನ್ನು ತಂದು ಪೈಪುಗಳ ಕಾಲಡಿಗೆ ಕೊಟ್ಟಳು. "ಇನ್ಮೇಲೆ ನೆಲದ ಮೇಲೇ ಕೂತ್ಕೊಂಡು ಉಣ್ಣಿ" ಅಂದಳು.

ಎರಡನೇ ಸಲ ಇಂಜಿನ್ ಅಲುಗದೆ ಮೇಲೆದ್ದಿತು. ಆದರೆ ಈಚೆಗೆ ಬರುವುದು ಹೇಗೆ?

"ಇಂಜಿನ್ ಮುಂದೆ ಬರಲ್ಲ ಕಣಯ್ಯಾ, ಲಾರಿನೇ ಹಿಂದೆ ಹೋಗ್ಬೇಕು. ತಳ್ರೋ!"

ತಳ್ಳಿದೆವು! ನಾನು, ಮೊಸರು ಮಾರುವವನು, ದಾರಿಯಲ್ಲಿ ಹೋಗುತ್ತಿದ್ದ ಆಟೋದವನು. ಎಲ್ಲರಿಗಿಂತ ಜೋರಾಗಿ ತಳ್ಳಿದವರು ಯಾರು ಗೊತ್ತೇ? ಆಗೂ ಮಾತಲ್ಲ ಅಂದ ಮೇಷ್ಟ್ರು! "ಹಾಕ್ರಿ ಜೋರು! ಬಂತು, ಬಂತು!" ಲಾರಿ ಹಿಂದಕ್ಕೆ ಸರಿಯಿತು. ಇಂಜಿನ್ ನಡು ಆಕಾಶದಲ್ಲಿ ಒಂಟಿಯಾಗಿ ನಿಂತಿತು. ಬೀದಿಯೆಲ್ಲ ಚಪ್ಪಾಳೆ!

ಆಮೇಲೆ ಅದು ಮನೆ ಮುಂದಿನ ಕಾರ್ ಶೆಡ್ಡಿನಲ್ಲಿ ಹಳೇ ಟೈರುಗಳ ಮೇಲೆ ಮನೆ ಅಳಿಯನ ಹಾಗೆ ಬೀಡುಬಿಟ್ಟಿತು. ಅದರ ಸಿಲಿಂಡರ್ ಬ್ಲಾಕು ಲೇತ್ ಅಂಗಡಿಗೆ ಹೋಗಿ ಬಂತು, ಪಿಸ್ಟನ್ ರಿಂಗುಗಳು ಹೊಸದಾದವು. ಅಕ್ಕ ರಂಗೋಲಿಯನ್ನು ಅದರ ಸುತ್ತಲೇ ಹಾಕತೊಡಗಿದಳು.

ಜೋಡಿಸುವ ಹೊತ್ತಿಗೆ ಇನ್ನೊಂದು ರಗಳೆ. ಕ್ಲಚ್ ಪ್ಲೇಟು ನಟ್ಟನಡುವೆ ಕೂರದಿದ್ದರೆ ಗೇರ್‌ಬಾಕ್ಸಿನ ಶಾಫ್ಟು ಒಳಗೆ ಹೋಗುವುದಿಲ್ಲ. ಭಾವ ಅಡುಗೆಮನೆ ಬಾಗಿಲಿಗೆ ಬಂದರು.

"ಲಟ್ಟಣಿಗೆ ಕೊಡೇ."

"ಚಪಾತಿ ಮಾಡ್ತೀರಾ?"

"ಕ್ಲಚ್ ಪ್ಲೇಟ್ ಕೂರಿಸ್ಬೇಕು."

ಲಟ್ಟಣಿಗೆಗೆ ಟೇಪು ಸುತ್ತಿ ಪ್ಲೇಟಿನ ತೂತಿಗೆ ತೂರಿಸಿ, ಅದನ್ನು ನಡುವಿಗೆ ತಂದು ಬೋಲ್ಟು ಬಿಗಿದರು. ಇಂಜಿನ್ ಲಾರಿಯೊಳಗೆ ಇಳಿಯಿತು. ಅಡಿಯಿಂದ ಗೇರ್‌ಬಾಕ್ಸ್ ಎತ್ತಿದೆವು. ತಳ್ಳು, ಇನ್ನೂ ತಳ್ಳು, ಚೂರು ತಿರುಗಿಸು... ಟಕ್! ಕೂತೇಬಿಟ್ಟಿತು! ಲಾರಿಯಡಿ ಮಲಗಿದ್ದಲ್ಲೇ ಭಾವ ನನ್ನನ್ನು ತಬ್ಬಿಕೊಂಡರು. ನನ್ನ ಆ ಶರ್ಟನ್ನು ಯಾವ ಸೋಪೂ ಉದ್ಧಾರ ಮಾಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬೀದಿಯವರೆಲ್ಲ ಹಾಜರು. ಭಾವ ಕೀ ತಿರುಗಿಸಿದರು. ಇಂಜಿನ್ ಕೆಮ್ಮಿತು, ಸುಮ್ಮನಾಯಿತು. ಮತ್ತೆ ಕೆಮ್ಮಿತು... ಗುಡುಗುಡುಗುಡು! ಮೇಷ್ಟ್ರು ಟವೆಲ್ ಬೀಸಿ ಕುಣಿದರು! "ನಾ ಮೊದ್ಲ ಹೇಳಿದ್ದೆ, ಆಗ್ತದ ಅಂತ!"

ನಾನು ಅಕ್ಕನನ್ನು ಹುಡುಕಿದೆ. ಆರತಿ ತರಲು ಹೋಗಿದ್ದಾಳೆ ಅಂದುಕೊಂಡು ಒಳಗೆ ಹೋದರೆ, ಒಲೆ ಕಟ್ಟೆಗೆ ಒರಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಏನಾಯ್ತೇ ಅಕ್ಕಾ?"

"ಏನಿಲ್ಲ ಕಣೋ. ಮದುವೆಯಾದಾಗಿಂದ ಇಷ್ಟು ದಿನ ಒಟ್ಟಿಗೆ ಮನೇಲಿ ಇದ್ದಿದ್ದೇ ಇಲ್ಲ ಇವರು. ಈ ಸಲ ದಿನಾ ಜೊತೇಲಿ ಕೂತು ಊಟ ಮಾಡ್ತಿದ್ರು. ಇನ್ನು ನಾಳೆಯಿಂದ ಮತ್ತೆ ಲೋಡು, ಹೈವೇ..."

ಬಾಗಿಲಲ್ಲಿ ಗ್ರೀಸು ಮೆತ್ತಿದ ಕೈಯಲ್ಲೇ ಭಾವ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಗೇರ್‌ಬಾಕ್ಸಲ್ಲಿ ಏನೋ ಸದ್ದು ಬರ್ತಿದೆಯಲ್ಲಯ್ಯಾ? ಇನ್ನೊಂದು ವಾರ ನಿಲ್ಲಿಸಿ ನೋಡ್ಬೇಕು ಅನ್ಸುತ್ತೆ."

ಹೊರಗೆ ಲಾರಿ ಒಂದಿಷ್ಟೂ ಅಪಸ್ವರವಿಲ್ಲದೆ ಉಸಿರಾಡುತ್ತಿತ್ತು.

"ಹೌದು ಭಾವ," ಅಂದೆ. "ನಂಗೂ ಕೇಳಿಸ್ತು."