ಕಂಪ್ಯೂಟರಿಗೆ ಬಂದ ಏಕಾದಶಿ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿರುವಾಗ ಆ ಕೆಂಪು ಪೆಟ್ಟಿಗೆ ಪರದೆಯ ನಟ್ಟನಡುವೆ ಬಂದು ಕೂತಿತು. ಮದುವೆಗೆ ಎರಡು ದಿನ ಮೊದಲೇ ಬಂದ ಬೀಗರ ಹಾಗೆ ಅದಕ್ಕೆ ಏಳುವ ಯೋಚನೆಯೇ ಇರಲಿಲ್ಲ. 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಆಂಟಿವೈರಸ್ ಅವಧಿ ಮುಗಿದಿದೆ' ಎಂಬುದು ಅದರ ದೂರು. ವೇದವ್ಯಾಸರಾಯರಿಗೆ ಆ ದೂರು ಹೊಸದಲ್ಲ. ಏಳು ವರ್ಷದಿಂದ ದಿನವೂ ಅದು ಬರುತ್ತಿತ್ತು. ಏಳು ವರ್ಷದಿಂದ ದಿನವೂ ರಾಯರು 'ಆಮೇಲೆ ನೋಡೋಣ' ಎಂಬ ಗುಂಡಿ ಒತ್ತಿ ಅದನ್ನು ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದರು. ಇವತ್ತು ಆ ಗುಂಡಿಯೇ ಇರಲಿಲ್ಲ.

ಕಲಬುರಗಿಯ ಗಾಜಿಪುರದ ಆ ಮನೆಯ ಪಡಸಾಲೆಯಲ್ಲಿದ್ದ ಕಂಪ್ಯೂಟರಿಗೆ ಹದಿನೈದು ವರ್ಷ. ಒಳಗಿದ್ದದ್ದು ಹಳೆಯ ವಿಂಡೋಸ್. ಅದನ್ನು ಮಾಡಿದವರೇ ಅದರ ಯೋಗಕ್ಷೇಮ ವಿಚಾರಿಸುವುದನ್ನು ಬಿಟ್ಟು ವರ್ಷಗಳಾಗಿದ್ದವು. ಆದರೂ ಹೊಸದು ಹಾಕಿಸಲು ರಾಯರು ಒಪ್ಪುತ್ತಿರಲಿಲ್ಲ. ಅವರ ಗೆಳೆಯ ನೀಲಕಂಠ, ಗಣಿತದ ಮಾಸ್ತರರು, ತೀರಿಕೊಳ್ಳುವ ಮೊದಲು ಒಂದು ಪಂಚಾಂಗದ ಪ್ರೋಗ್ರಾಂ ಬರೆದುಕೊಟ್ಟಿದ್ದರು. ಅದು ಕಂಪ್ಯೂಟರಿನ ಗಡಿಯಾರ ನೋಡಿ, ಆ ದಿನದ ತಿಥಿ ಲೆಕ್ಕ ಹಾಕಿ, ಬೆಳಗಿನ ಆರೂಕಾಲಕ್ಕೆ ನೂರ ಹನ್ನೆರಡು ಮನೆಗಳ ಫೋನಿಗೆ ತಾನೇ ಸಂದೇಶ ಕಳಿಸುತ್ತಿತ್ತು. ಹೊಸ ವಿಂಡೋಸಿನಲ್ಲಿ ಅದು ಬಾಯಿಯೇ ಬಿಡುತ್ತಿರಲಿಲ್ಲ.

ಅಂಚೆ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದ ರಾಯರಿಗೆ ಈ ಸಂದೇಶಗಳೆಂದರೆ ನಿವೃತ್ತಿಯ ನಂತರವೂ ಕೈಯಲ್ಲಿ ಉಳಿದ ಬಟವಾಡೆ. ಒಂದು ದಿನ ತಪ್ಪಿರಲಿಲ್ಲ, ಒಂದು ತಿಥಿ ತಪ್ಪಿರಲಿಲ್ಲ. ರಾಯರು ಏಕಾದಶಿ ಎಂದರೆ ಏಕಾದಶಿ. ಓಣಿಯಲ್ಲಿ ಯಾರೂ ಮತ್ತೊಂದು ಪಂಚಾಂಗ ತೆರೆಯುತ್ತಿರಲಿಲ್ಲ. ಅವರಿಗೆ ಇದ್ದ ಹೆಮ್ಮೆ ಅದೊಂದೇ.

"ಅನು, ಇದು ಹೋಗವಲ್ದು ನೋಡು!" ಎಂದು ಅವರು ಹೆಂಡತಿಯನ್ನು ಕೂಗಿದರು.

"ನಾ ಏನು ನೋಡ್ಲಿ? ಹಾಲು ಉಕ್ಕಾಕತ್ತದ," ಎಂದು ಅನುರಾಧಾ ಅಡುಗೆಮನೆಯಿಂದಲೇ ಹೇಳಿದರು.

ಕೂಗು ಕೇಳಿ ಬಂದವರು ಪಕ್ಕದ ಮನೆಯ ಜಗದೇವಪ್ಪ. ನಿವೃತ್ತ ಹೆಡ್‌ಮಾಸ್ತರರು. ಹೋದ ತಿಂಗಳು ಅರ್ಧ ದಿನದ ಸೈಬರ್ ಜಾಗೃತಿ ಶಿಬಿರಕ್ಕೆ ಹೋಗಿ ಪ್ರಮಾಣಪತ್ರ ತಂದಿದ್ದರು. ಅಂದಿನಿಂದ ಓಣಿಯ ವಾಟ್ಸಾಪ್ ಬಳಗಕ್ಕೆ ಅವರೇ ಯಜಮಾನರು. ದಿನಕ್ಕೆ ಆರು ಎಚ್ಚರಿಕೆ ಹಾಕದೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಜಗದೇವಪ್ಪ ಪರದೆಯತ್ತ ಬಗ್ಗಿ, ಡಾಕ್ಟರು ನಾಲಿಗೆ ನೋಡುವಂತೆ ನೋಡಿದರು.

"ಹ್ಯಾಕರ್!"

"ಅವಧಿ ಮುಗದದ ಅಂತ ಬರದದಲ್ರೀ ಸರ."

"ಮೊದಲ ಹಾಂಗ ಅಂತಾರ್ರಿ. ಆಮ್ಯಾಲ ಒಳಗ ಬರ್ತಾರ. ಶಿಬಿರದಾಗ ಹೇಳ್ಯಾರ."

ಎದುರುಮನೆಯ ತನ್ವೀರ್, ಶಹಾಬಜಾರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರು, ಸ್ಕೂಟರ್ ಒರೆಸುತ್ತಿದ್ದ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಂದರು. ಒಂದು ಸಲ ನೋಡಿ ಹೇಳಿದರು: "ರಾವ್‌ಸಾಬ್, ಮಿಶಿನ್ನಿಗೆ ವಯಸ್ಸಾಗ್ಯದ. ನೆಟ್ಟಿನ ವಾಯರ್ ತಗದು ಬಿಡ್ರಿ. ಮನ್ಯಾಗ ಕುಂತು ತಿಥಿ ಹೇಳ್ಲಿ, ಕಳಸೂ ಕೆಲಸ ನೀವು ಫೋನಿಲೆ ಮಾಡ್ರಿ. ಏನೂ ಖತರಾ ಇಲ್ಲ."

"ನೂರಾ ಹನ್ನೆರಡು ಮಂದಿಗೆ ನಾ ಬೆರಳಿಲೆ ಕಳಸೂದ? ಆರೂಕಾಲಕ್ಕ?"

ಒಳ್ಳೆಯ ಸಲಹೆಗೆ ಇರುವ ದೋಷವೇ ಇದು, ಅದರಲ್ಲಿ ನಮಗೆ ಕೆಲಸವಿರುತ್ತದೆ. ತನ್ವೀರ್ ನಕ್ಕು ತಮ್ಮ ಸ್ಕೂಟರಿನತ್ತ ಹೊರಟುಹೋದರು. ಆರು ಗಂಟೆ ಹತ್ತು ನಿಮಿಷವಾಯಿತು. ಜಗದೇವಪ್ಪನವರಿಗೆ ಆಗ ಹೊಳೆಯಿತು.

"ಅವಧಿ ಮುಗದದ ಅಂತ ಅದಕ್ಕ ಹ್ಯಾಂಗ ಗೊತ್ತಾತು? ತಾರೀಖು ನೋಡಿ. ತಾರೀಖನ ಹಿಂದ ಸರಿಸಿಬಿಡ್ರಿ!"

ಎಂಟು ವರ್ಷ ಹಿಂದೆ ಸರಿಸಿದರು. ಕೆಂಪು ಪೆಟ್ಟಿಗೆ ಮಾಯವಾಗಿ ಅದರ ಜಾಗದಲ್ಲಿ ಹಸಿರು ಗುರುತು ಬಂತು. ಕಂಪ್ಯೂಟರ್ ಸುರಕ್ಷಿತ. ಅದರ ಪಾಲಿಗೆ ಎಂಟು ವರ್ಷದ ವೈರಸ್ಸುಗಳು ಇನ್ನೂ ಹುಟ್ಟಿಯೇ ಇರಲಿಲ್ಲ. ಆರೂಕಾಲಕ್ಕೆ ಸರಿಯಾಗಿ ಸಂದೇಶ ಹೊರಟಿತು: 'ಇಂದು ಸೋಮವಾರ, ಏಕಾದಶಿ. ಉಪವಾಸ.'

"ಏಕಾದಶಿ?" ಉಪ್ಪಿಟ್ಟಿಗೆ ರವೆ ಹುರಿದಿಟ್ಟಿದ್ದ ಅನುರಾಧಾ ಸೌಟು ಹಿಡಿದೇ ಹೊರಗೆ ಬಂದರು. "ನಿನ್ನಿ ನವಮಿ ಇತ್ತಲ್ರೀ. ನಡುವಿನ ದಶಮಿ ಎಲ್ಲಿ ಹೋತು?"

ರಾಯರಿಗೂ ಒಂದು ಗಳಿಗೆ ಅನುಮಾನ ಬಂತು. ಆದರೆ ಅವರು ತಿಳಿದವರು. ಎರಡು ಸೂರ್ಯೋದಯಗಳ ನಡುವೆ ಸಿಕ್ಕಿಕೊಂಡು ಒಮ್ಮೊಮ್ಮೆ ಒಂದು ತಿಥಿ ಇಲ್ಲವಾಗುವುದುಂಟು. ತಿಳಿಯದವರಾಗಿದ್ದರೆ ಕ್ಯಾಲೆಂಡರ್ ನೋಡುತ್ತಿದ್ದರು.

"ಕ್ಷಯ ಆಗಿರಬೇಕು," ಎಂದರು ಗಂಭೀರವಾಗಿ. "ನೀಲಕಂಠ ತಪ್ಪಾಂವಲ್ಲ."

ಅನುರಾಧಾ ಹುರಿದ ರವೆಯ ಮೇಲೆ ಮುಚ್ಚಳ ಹಾಕಿದರು. ಗೆಲುವಿನ ಸಂಭ್ರಮದಲ್ಲಿದ್ದ ಜಗದೇವಪ್ಪ ಅಲ್ಲಿಯೇ ಘೋಷಿಸಿದರು: "ನಮ್ಮ ಮನ್ಯಾಗ ಏಕಾದಶಿ ಇಲ್ಲ ಖರೇ. ಆದ್ರ ಇವತ್ತ ನಿಮ್ಮ ಜೋಡಿ ನಾನೂ ಉಪವಾಸ. ಕಂಪ್ಯೂಟರ್ ಉಳೀತಲ್ಲ!"

ಮಧ್ಯಾಹ್ನ ಒಂದು ಗಂಟೆಗೆ ಲತೀಫಾ ಬುಟ್ಟಿ ಹೊತ್ತು ಬಂದಳು. ಹೂವು, ಹಣ್ಣು ಮಾರುವವಳು. ರಾಯರ ನೂರ ಹನ್ನೆರಡು ಸಂದೇಶಗಳಲ್ಲಿ ಒಂದು ಅವಳ ಫೋನಿಗೂ ಹೋಗುತ್ತಿತ್ತು. ಏಕಾದಶಿ ಎಂದು ಕಂಡ ದಿನ ಯಾರೂ ಹೇಳದೆಯೇ ಓಣಿಗೆ ತುಳಸಿ, ಬಾಳೆಹಣ್ಣು ತರುವಳು. ಬೇಡಿಕೆಯ ದಿನವೆಂದು ದರ ಏರಿಸಿದ್ದು ಯಾರಿಗೂ ನೆನಪಿಲ್ಲ. ಅವಳು ಬುಟ್ಟಿ ಇಳಿಸಿ, ದನಿ ತಗ್ಗಿಸಿ ಕೇಳಿದಳು:

"ರಾವ್‌ಸಾಬ್, ಒಂದು ಮಾತು ಕೇಳ್ಲೇನ್ರಿ? ಗುಸ್ಸಾ ಆಗಬ್ಯಾಡ್ರಿ. ನಿಮ್ಮ ಮೆಸೇಜಿನಾಗ ಸೋಮವಾರ ಅಂತ ಬಂದದ. ಇವತ್ತ ಜುಮೇರಾತ್ ಅಲ್ಲೇನ್ರಿ? ಗುರುವಾರ? ಈಗರೆ ದರ್ಗಾಕ್ಕ ಹೂವ ಕೊಟ್ಟು ಬಂದೀನಿ."

ರಾಯರ ಕಿವಿ ಬಿಸಿಯಾಯಿತು. ಆ ಸಂದೇಶವನ್ನು ನೂರ ಹನ್ನೆರಡು ಮನೆಯವರು ಓದಿದ್ದರು. ಏಕಾದಶಿ ಎಂಬ ಪದ ಕಂಡ ಕೂಡಲೆ ಎಲ್ಲರಿಗೂ ಹಸಿವು ಶುರುವಾಗಿ, ವಾರದ ಕಡೆ ಯಾರ ಕಣ್ಣೂ ಹೋಗಿರಲಿಲ್ಲ. ಗ್ಯಾಸ್ ಸಿಲಿಂಡರ್ ಬಂದ ದಿನ ಗುರುತು ಹಾಕಲೆಂದು ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ್ದ ಕ್ಯಾಲೆಂಡರನ್ನು ರಾಯರು ಓಡಿಹೋಗಿ ನೋಡಿದರು. ಗುರುವಾರ, ದಶಮಿ. ಏಕಾದಶಿ ನಾಳೆ.

"ಅಯ್ಯೋ, ಎಂಟು ವರ್ಷದ ಹಿಂದಿನ ಏಕಾದಶಿನ ಇವತ್ತ ಮಾಡಿಸಿಬಿಟ್ನಲ್ಲ!"

"ಉಳದವ್ರು ಇರ್ಲಿ," ಎಂದು ಅನುರಾಧಾ ಎದೆ ಹಿಡಿದುಕೊಂಡರು. "ಇಂದೂ ಅತ್ಯಾ!"

ಇಂದೂಬಾಯಿ ರಾಯರ ಸೋದರತ್ತೆ. ಕಮಲಾಪುರದಲ್ಲಿ ಇರುವವರು. ಎಪ್ಪತ್ತೊಂಬತ್ತು ವಯಸ್ಸು, ಜೊತೆಗೆ ಸಕ್ಕರೆ ಕಾಯಿಲೆ. ಆದರೂ ಏಕಾದಶಿಗೆ ಒಂದು ಗುಟುಕು ನೀರು ಮುಟ್ಟುವವರಲ್ಲ. 'ಒಂದು ದಿನದ ಮೇಲೆ ಒಂದು ತಾಸೂ ಇಲ್ಲ' ಎಂದು ಡಾಕ್ಟರು ಅವರಿಂದ ಆಣೆ ಮಾಡಿಸಿಕೊಂಡಿದ್ದರು. ಇವತ್ತು ಉಪವಾಸ ಮಾಡಿ, ನಾಳೆಯದು ನಿಜವಾದ ಏಕಾದಶಿ ಎಂದು ತಿಳಿದರೆ ಅದನ್ನೂ ಮಾಡದೆ ಬಿಡುವ ಹೆಂಗಸಲ್ಲ ಅವರು. ಫೋನು ಮಾಡಿದರೆ ಎತ್ತುವಂತಿರಲಿಲ್ಲ. ಏಕಾದಶಿಯ ದಿನ ಫೋನನ್ನು ಬಂದ್ ಮಾಡಿ ಅಕ್ಕಿ ಡಬ್ಬಿಯಲ್ಲಿ ಇಡುವುದು ಅವರ ನೇಮ. ದಶಮಿಗೆ ಒಂದೇ ಹೊತ್ತಿನ ಊಟ, ಅದೂ ಹಗಲಿನಲ್ಲಿ. ಸೂರ್ಯ ಮುಳುಗುವುದರೊಳಗೆ ಹೋಗಿ ಉಣಿಸದಿದ್ದರೆ ಎರಡು ದಿನದ ಉಪವಾಸ ಖಾತ್ರಿ.

"ಓಣ್ಯಾಗಿನವ್ರಿಗೆ ನಾ ಹೇಳ್ಲೇನ್ರಿ?" ಎಂದರು ಅನುರಾಧಾ.

"ಬ್ಯಾಡ. ತಪ್ಪು ನಂದು. ಬಂದು ನಾನ ಹೇಳ್ತೀನಿ." ಚಪ್ಪಲಿ ಮೆಟ್ಟುತ್ತ ರಾಯರು ಬೇಡಿಕೊಂಡರು. "ಹದಿನೈದು ವರ್ಷದ ಮಾತದ, ಅನು."

"ನಾನೂ ಯಾರ ಮುಂದೂ ಬಾಯಿ ಬಿಡೂದಿಲ್ರಿ," ಎಂದಳು ಲತೀಫಾ.

ಹುಮನಾಬಾದ್ ಬಸ್ಸು ತುಂಬಿತ್ತು. ಕಂಡಕ್ಟರ್ ಸಾಯಿಕುಮಾರ ಟಿಕೆಟ್ ಹರಿಯುವಾಗ ರಾಯರ ಬಾಡಿದ ಮುಖ ನೋಡಿ ತನ್ನ ಸೀಟು ಬಿಟ್ಟುಕೊಟ್ಟ. "ಯಾಕ್ರೀ ಕಾಕಾ, ದವಾಖಾನಿಗೇನು?" ರಾಯರು ಇದ್ದದ್ದನ್ನು ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಬಸ್ಸಿಗೆ ವಿಷಯ ಗೊತ್ತಾಯಿತು. ಹಿಂದಿನ ಸೀಟು ತಲುಪುವಷ್ಟರಲ್ಲಿ ಅದು 'ಅಜ್ಜಿಯ ಕಂಪ್ಯೂಟರಿಗೆ ಸಕ್ಕರೆ ಕಾಯಿಲೆ' ಎಂದಾಗಿತ್ತು. ಮಹಾಗಾಂವ್ ದಾಟಿದ ಮೇಲೆ ಬಸ್ಸು ಒಂದು ಕಡೆ ವಾಲಿ ನಿಂತಿತು. ಟಯರ್ ಪಂಕ್ಚರ್.

ಸಾಯಿಕುಮಾರ ಗಡಿಯಾರ ನೋಡಿದ, ಆಕಾಶ ನೋಡಿದ, ರಸ್ತೆಯ ನಡುವೆ ಹೋಗಿ ನಿಂತ. ಕಲಬುರಗಿಗೆ ಕೆಂಪು ಬಾಳೆ ಇಳಿಸಿ ವಾಪಸು ಕಮಲಾಪುರಕ್ಕೆ ಹೊರಟ ಟೆಂಪೊ ಒಂದನ್ನು ತಡೆದು, "ಇವ್ರ ಅತ್ಯಾನ ಊಟದ ಟೈಮ್ ಮೀರ್ಲಾಕತ್ತದ, ಕೂಡಿಸ್ಕೋರಿ," ಎಂದ. ಟೆಂಪೊದವನು ಎರಡನೆಯ ಪ್ರಶ್ನೆ ಕೇಳಲಿಲ್ಲ. ಖಾಲಿ ಬುಟ್ಟಿಗಳ ನಡುವೆ ರಾಯರು, ಮಾರಾಟವಾಗದೆ ಉಳಿದ ಗೊನೆಯ ಹಾಗೆ, ಅತ್ತಿತ್ತ ಉರುಳುತ್ತ ಕಮಲಾಪುರ ಸೇರಿದರು.

ಇಂದೂಬಾಯಿ ಕಟ್ಟೆಯ ಮೇಲೆ ಜಪಮಾಲೆ ಹಿಡಿದು ಕೂತಿದ್ದರು. ತುಟಿ ಒಣಗಿತ್ತು. ಸೂರ್ಯ ಇನ್ನೂ ಎರಡು ಮೊಳ ಮೇಲಿದ್ದ.

"ಅತ್ಯಾ, ಇವತ್ತ ಏಕಾದಶಿ ಅಲ್ಲ! ನಾಳಿ!"

"ಮತ್ತ ಮುಂಜಾನಿ ನೀನ ಹೇಳ್ದಿ?"

"ನಾ ಅಲ್ಲ, ಮಿಶಿನ್ನು." ರಾಯರು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು. ಕೇಳಿದ ಇಂದೂಬಾಯಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಅಲ್ಲೋ ವ್ಯಾಸಾ, ವಯಸ್ಸಾದವ್ರನ್ನ ದಿನಾ ಪ್ಯಾಟಿಗೆ ಯಾಕ ಕಳಸ್ತಿ? ಮನ್ಯಾಗ ಕೂಡಿಸಿ, ಬೇಕಾದ್ದು ಕೇಳಿ ತಿಳ್ಕೊಂಡು, ಪ್ಯಾಟಿಗೆ ನೀ ಹೋಗಬೇಕಪ್ಪ."

ತನ್ವೀರ್ ಹೇಳಿದ್ದೂ ಇದನ್ನೇ ಅಲ್ಲವೆ ಎಂದು ರಾಯರು ತಲೆ ಕೆರೆದುಕೊಂಡರು. ಇಂದೂಬಾಯಿ ಎದ್ದು, ಅನ್ನಕ್ಕೆ ಇಟ್ಟು, ತೊವ್ವೆ ಕುದಿಸಿ, ಎರಡು ತಾಟು ಹಾಕಿದರು. ಅತ್ತೆ ಮೊದಲ ತುತ್ತು ಬಾಯಿಗಿಟ್ಟುದನ್ನು ನೋಡಿದ ಮೇಲೆಯೇ ರಾಯರಿಗೆ ತಮ್ಮ ತಾಟಿನಲ್ಲಿ ಅನ್ನವಿರುವುದು ಕಂಡದ್ದು. ಹೊರಡುವಾಗ ನಾಲ್ಕು ಕೆಂಪು ಬಾಳೆಹಣ್ಣು ಚೀಲಕ್ಕೆ ಬಿದ್ದವು. "ಅನೂಗ ಕೊಡು. ಪಾಪ, ಅಕಿನೂ ಹಸದಾಳ."

ಎಂಟು ಗಂಟೆಗೆ ಗಾಜಿಪುರ ಮುಟ್ಟಿದವರೇ ರಾಯರು ನೇರವಾಗಿ ತನ್ವೀರರನ್ನು ಕರೆದರು. ತನ್ವೀರ್ ತಾರೀಖು ಸರಿಪಡಿಸಿ, ನೆಟ್ಟಿನ ವಾಯರ್ ಕಿತ್ತು, ನೂರ ಹನ್ನೆರಡು ನಂಬರುಗಳನ್ನು ರಾಯರ ಫೋನಿಗೆ ಏರಿಸಿಕೊಟ್ಟರು. ಕೆಂಪು ಪೆಟ್ಟಿಗೆಯನ್ನೂ ಯಾವುದೋ ಮೂಲೆಯಿಂದ ಹೊರಗೆ ಹಾಕಿದರು. "ಬಾಗಿಲಾ ಮುಚ್ಚೇದ. ಇನ್ನ ಯಾವ ಕಳ್ಳ ಬರ್ತಾನ ಬರ್ಲಿ," ಎಂದು ಚಹಾ ಕುಡಿದು ಹೋದರು, ಕೂಲಿಯೆಂದು ಒಂದು ಪೈಸೆಯನ್ನೂ ಮುಟ್ಟಲಿಲ್ಲ.

ಹಳೆಯ ಕಂಪ್ಯೂಟರ್ ಮೂಲೆಯಲ್ಲಿ ನಿಶ್ಚಿಂತವಾಗಿ ಗುನುಗುತ್ತಿತ್ತು. ರಾಯರು ಕನ್ನಡಕ ಏರಿಸಿ ತಮ್ಮ ಬೆರಳಿನಿಂದಲೇ ಬರೆದರು: 'ಬೆಳಗಿನ ಸಂದೇಶ ತಪ್ಪು. ಏಕಾದಶಿ ನಾಳೆ, ಶುಕ್ರವಾರ. ಇಂದು ಉಪವಾಸವಿದ್ದವರು ಕ್ಷಮಿಸಬೇಕು. ವೇದವ್ಯಾಸ.' ಕಳಿಸಿ, ಬೆನ್ನು ಚಾಚಿ ಕುರ್ಚಿಯಲ್ಲಿ ಒರಗಿದರು. ಮೂವತ್ತಾರು ವರ್ಷದ ನೌಕರಿಯಲ್ಲೂ ಅಷ್ಟು ಹಗುರಾಗಿ ಯಾವ ಚೀಲವನ್ನೂ ಇಳಿಸಿದ ನೆನಪಿರಲಿಲ್ಲ.

ಎರಡು ನಿಮಿಷಕ್ಕೆ ಫೋನು ಕುಂಯ್ ಎಂದಿತು. ಓಣಿಯ ಬಳಗದಲ್ಲಿ ಜಗದೇವಪ್ಪನವರ ಎಚ್ಚರಿಕೆ: 'ಗಮನಿಸಿ! ವೇದವ್ಯಾಸರಾಯರ ಫೋನು ಹ್ಯಾಕ್ ಆಗಿದೆ. ನಾಳೆ ಮತ್ತೊಂದು ಏಕಾದಶಿ ಎಂಬ ನಕಲಿ ಸಂದೇಶ ಬರುತ್ತಿದೆ. ಯಾರೂ ನಂಬಬೇಡಿ, ಉತ್ತರಿಸಬೇಡಿ, ಉಪವಾಸ ಮಾಡಬೇಡಿ.' ಅದರ ಕೆಳಗೆ ಕೈಮುಗಿದವರು, ಹೆಬ್ಬೆರಳು ಎತ್ತಿದವರು ಸಾಲುಸಾಲಾಗಿ ಬಂದರು. ಮರುಗಳಿಗೆಯೇ ಇನ್ನೊಂದು ಸಾಲು: ಜಗದೇವಪ್ಪನವರು ನಿಮ್ಮನ್ನು ಬಳಗದಿಂದ ತೆಗೆದಿದ್ದಾರೆ.

ರಾಯರು ಪಕ್ಕದ ಮನೆಗೆ ಓಡಿದರು. ಬಾಗಿಲು ಸರಪಳಿಯ ಅಳತೆಗೆ ನಾಲ್ಕು ಬೆರಳು ತೆರೆಯಿತು. ಸಂದಿಯಲ್ಲಿ ಜಗದೇವಪ್ಪನವರ ಹಸಿದ ಮುಖ.

"ಯಾರು?"

"ನಾನ್ರೀ ಸರ, ವೇದವ್ಯಾಸ!"

"ಹಾಂಗಂತ ಎಲ್ಲಾರೂ ಅಂತಾರ. ಮುಂಜಾನಿ ಆರೂಕಾಲಕ್ಕ ಏನು ಮೆಸೇಜ್ ಕಳಿಸಿದ್ರಿ? ಹೇಳ್ರಿ."

"ಇವತ್ತ ಏಕಾದಶಿ ಅಂತ—"

"ಬರೋಬರಿ!" ಸರಪಳಿ ಕಳಚಿತು. "ಬರ್ರಿ ರಾಯ್ರ, ಒಳಗ ಬರ್ರಿ. ನಿಮ್ಮ ಫೋನಿನಾಗ ಯಾವನೋ ಹೊಕ್ಕು ನಾಳಿ ಏಕಾದಶಿ ಅನ್ನಾಕತ್ತಾನ್ರಿ!"

"ಅಂವ ನಾನ್ರೀ ಸರ. ಮುಂಜಾನಿದು ತಪ್ಪಾಗಿತ್ತು. ನಾಳಿನ ಏಕಾದಶಿ."

ಸರಪಳಿ ಮತ್ತೆ ಸಿಕ್ಕಿಕೊಂಡಿತು.

"ನಮ್ಮ ರಾಯರು ಹದಿನೈದು ವರ್ಷದಾಗ ಒಂದು ತಿಥಿ ತಪ್ಪಿಲ್ಲ. ತಪ್ಪೀನಿ ಅನ್ನಾಂವ ನಮ್ಮ ರಾಯರಲ್ಲ!"

ಒಳಗಿನಿಂದ ಅವರ ಹೆಂಡತಿ ಚಂದಮ್ಮನ ಕನಿಕರದ ದನಿ ಬಂತು: "ಹಾಂಗ ಬಯ್ಯಬ್ಯಾಡ್ರಿ, ದಿನವೆಲ್ಲಾ ಹಸದು ಅವ್ರಿಗೆ ತಲಿ ತಿರಗೇದ. ಪಾಪ, ಓಣಿ ಓಣಿನೇ ಉಪವಾಸ ಅದ ಅಂತ ನಾಳಿ ಉಪವಾಸ ಬಿಡಾಕ ಎಲ್ಲಾರಿಗೂ ಹೋಳಗಿ ಮಾಡಾಕ ಬ್ಯಾಳಿ ಹಸನ ಮಾಡಿಟ್ಟೀನಿ. ಮುಂಜಾನಿ ಏಳಕ್ಕ ಮೊದಲನೇ ಹೋಳಗಿ ರಾಯರಿಗೇ."

ಜಗದೇವಪ್ಪನವರ ಕಣ್ಣು ಬೆಳಗಿತು. ಶಿಬಿರದಲ್ಲಿಯೂ ಇಂಥ ಪರೀಕ್ಷೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಕೇಳ್ರಿ. ನಾಳಿ ಮುಂಜಾನಿ ಬಂದು, ಓಣಿ ಮುಂದ ಹೋಳಗಿ ಉಂಡ್ರ ನೀವು ಖರೇ ರಾಯರು. ಒಲ್ಲೆ ಅಂದ್ರ ಸೈಬರ್ ಪೊಲೀಸರಿಗೆ ಫೋನ್ ಹಚ್ಚತೀನಿ."

ಬಾಗಿಲು ಮುಚ್ಚಿತು. ರಾಯರು ಮೆಲ್ಲಗೆ ಮನೆಗೆ ಮರಳಿದರು. ಅನುರಾಧಾ ಕೆಂಪು ಬಾಳೆಹಣ್ಣು ಸುಲಿಯುತ್ತ ಕೂತಿದ್ದರು.

"ಏನಂದ್ರು? ನಂಬಿದ್ರೇನು?"

"ನಂಬ್ತಾರಂತ," ಎಂದರು ರಾಯರು. "ನಾಳಿ ಏಕಾದಶಿ ದಿನ ತುಪ್ಪಾ ಹಚ್ಚಿ ಹೋಳಗಿ ಉಂಡ್ರ."