ತೀರ್ಮಾನಕ್ಕೆ ಮುಂಚೆ ಹದಿನೇಳು ಊಟ

ಯಾವ ವಿಷಯವನ್ನೇ ಆಗಲಿ ಅಳೆದು ತೂಗಿ, ಕಾಗದದ ಮೇಲೆ ಬರೆದು, ತಣ್ಣಗೆ ತೀರ್ಮಾನ ಮಾಡುವ ಮನುಷ್ಯ ನಾನು. ಗಣಿತದ ಮೇಷ್ಟ್ರು ಅಂದಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ? ಹಾಗಾಗಿ ಮಾಲ್ಡೀವ್ಸ್ ದೇಶದ ಒಂದು ದ್ವೀಪದ ಶಾಲೆಗೆ ನಾನು ಹಾಕಿದ್ದ ಅರ್ಜಿ ಮೊದಲ ಸುತ್ತಿನಲ್ಲಿ ಪಾಸಾಗಿದೆ, ಮೂರು ವಾರ ಬಿಟ್ಟು ವಿಡಿಯೋದಲ್ಲಿ ಸಂದರ್ಶನ, ಅಷ್ಟರೊಳಗೆ ಸಂಸಾರ ಸಮೇತ ಬರುತ್ತೀರೋ ಇಲ್ಲವೋ ತಿಳಿಸಿ ಎಂದು ಏಜೆನ್ಸಿಯವರ ಮೇಲ್ ಬಂದಾಗ ನಾನು ಎಳ್ಳಷ್ಟೂ ಗಾಬರಿಯಾಗಲಿಲ್ಲ. ಬೀರುವಿನಿಂದ ಒಂದು ಗ್ರಾಫ್ ಹಾಳೆ ತೆಗೆದೆ.

ಆಗ ನಾವು ಇದ್ದದ್ದು ಕೊಟ್ಟೂರಿನಲ್ಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನ ಹೆಂಡತಿ ಶೈಲಾ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಗಳು ಪಲ್ಲವಿ ನಾಲ್ಕನೇ ಕ್ಲಾಸು. ಹಾಳೆಯ ಎಡಕ್ಕೆ 'ಹೋಗುವುದು', ಬಲಕ್ಕೆ 'ಇರುವುದು' ಎಂದು ಬರೆದು, ಉತ್ತರಪತ್ರಿಕೆ ತಿದ್ದುವ ಹಾಗೆ ಒಂದೊಂದಕ್ಕೂ ಅಂಕ ಹಾಕುತ್ತ ಹೋದೆ. ಹೊಸ ದೇಶ, ಎಂಟು. ಸಮುದ್ರ, ಏಳು. ಅಲ್ಲಿನವರು ಮೂರು ಹೊತ್ತೂ ಮೀನು ತಿನ್ನುತ್ತಾರಂತೆ, ನಾವು ಮೀನನ್ನು ಪಾಠದ ಪುಸ್ತಕದಲ್ಲಿ ಮಾತ್ರ ನೋಡಿದವರು. ಅದಕ್ಕೆ ಸೊನ್ನೆ. ಇತ್ತ ಕೊಟ್ಟೂರಿನ ಬೆಳಗಿನ ಮಂಡಕ್ಕಿ ಒಗ್ಗರಣೆ-ಮಿರ್ಚಿಗೆ ಹತ್ತಕ್ಕೆ ಹತ್ತು! ಕೊನೆಗೆ ಕೂಡಿಸಿ ನೋಡಿದರೆ ಎರಡೂ ಕಡೆ ಅರವತ್ತೆರಡು.

ಶೈಲಾ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಎರಡೂ ಕಡೀನೂ ಪಾಸ್ ಮಾಡೀರಲ್ರಿ! ಮತ್ತ ಪರೀಕ್ಷಿ ಯಾಕ ಬೇಕಾಗಿತ್ತು?"

"ಇದು ಭಾಳ ಗಂಭೀರ ವಿಷಯ ಶೈಲಾ. ತಿಳಿದ ನಾಕು ಮಂದೀನ ಕೇಳಿ ಠರಾಯಿಸ್ತೀನಿ."

"ನಾಕು ಮಂದಿ ಅಂದ್ರ ಯಾರ್ಯಾರು?"

"ಗಿರಣಿ ಬಸಣ್ಣ, ಹರಪನಹಳ್ಳಿ ಅಕ್ಕ, ಇಟ್ಟಿಗಿ ಚಿಗವ್ವ, ನಮ್ಮ ಹೆಡ್‌ಮಾಸ್ತರು."

"ಮುಗೀತಾ?"

"ಮುಗೀತು."

ಆಕೆ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಜೋಳದ ಡಬ್ಬಿ ತಂದು ನನ್ನ ಕೈಗಿಟ್ಟು, "ಹಂಗಾರ ಗಿರಣಿಗೆ ಹೋಗಿ ಬರ್ರಿ, ಹಿಟ್ಟೂ ತೀರೈತಿ" ಅಂದಳು. ನನ್ನ ಹೆಂಡತಿ ಎಷ್ಟು ಸಹಕಾರ ಕೊಡುತ್ತಾಳಲ್ಲ ಎಂದು ನನಗೆ ಹೆಮ್ಮೆಯಾಯಿತು.

ಗುಟ್ಟಿನ ಮಾತನ್ನು ಹಿಟ್ಟಿನ ಗಿರಣಿಯಲ್ಲಿ ಆಡಬಾರದು ಎಂಬ ಸಾಮಾನ್ಯ ಜ್ಞಾನ ನನಗೆ ಇರಲಿಲ್ಲ. ಬೆಲ್ಟು ಓಡುತ್ತಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಬಸಣ್ಣ ನನ್ನ ಹಳೆಯ ದೋಸ್ತ. ಅವನ ಕಿವಿಯ ಹತ್ತಿರ ಬಾಯಿಟ್ಟು ಶಕ್ತಿಮೀರಿ ಕಿರುಚಿದೆ. "ಯಾರಿಗೂ ಹೇಳಬ್ಯಾಡ ಬಸಣ್ಣ! ನಾವು ಮನಿಮಂದಿಯೆಲ್ಲ ಮಾಲ್ಡೀವ್ಸಿಗೆ ಹೋಗೋದೈತಿ!" ನಾನು 'ಯಾರಿಗೂ' ಅನ್ನುವಾಗ ಕರೆಂಟು ಹೋಯಿತು. ಉಳಿದದ್ದನ್ನು ಸಾಲಿನಲ್ಲಿ ಕೂತಿದ್ದ ಹದಿನಾಲ್ಕು ಹೆಣ್ಣುಮಕ್ಕಳು ನಿಶ್ಶಬ್ದದಲ್ಲಿ ಸ್ವಚ್ಛವಾಗಿ ಕೇಳಿಸಿಕೊಂಡರು.

"ಇನ್ನೂ ಠರಾಯಿಸಿಲ್ರಿ..." ಎಂದು ನಾನು ತೊದಲಿದೆ.

ಮುಂದೆ ಕೂತಿದ್ದ ನಮ್ಮ ಓಣಿಯ ಗಂಗಮ್ಮಜ್ಜಿ ಕೈ ಝಾಡಿಸಿದರು. "ಅದೇನ್ ಬಿಡ್ರಿ ಮಾಸ್ತರ, ಅಲ್ಲಿಗೆ ಹೋಗಿ ಠರಾಯಿಸಿದ್ರಾತು. ಆಯ್ತಾರ ನಮ್ಮನಿಗೆ ಊಟಕ್ಕ ಬರ್ರಿ. ಹೋಳಿಗಿ ಮಾಡ್ತೀನಿ."

ಇಲ್ಲಿ ನಮ್ಮ ಕಡೆಯ ಪದ್ಧತಿಯನ್ನು ಹೇಳಬೇಕು. ದೂರದ ಊರಿಗೆ ಹೊರಟವರನ್ನು ನಮ್ಮಲ್ಲಿ ಮನೆಮನೆಗೆ ಊಟಕ್ಕೆ ಕರೆಯುತ್ತಾರೆ. ಉಂಡೆದ್ದ ಮೇಲೆ ಮನೆಯ ಹಿರಿಯಾಕೆ ಹೊರಟ ಹೆಣ್ಣುಮಗಳನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಜಂಪರ್ ಪೀಸು ಇಟ್ಟು ಉಡಿ ತುಂಬುತ್ತಾಳೆ. ಪಕ್ಕದಲ್ಲಿ ನಿಂತ ಗಂಡಸಿಗೆ ಒಂದು ಟವೆಲ್ಲು. ಕರೆದರೆ ಒಲ್ಲೆ ಅನ್ನುವಂತಿಲ್ಲ. ಉಡಿ ತುಂಬಿಸಿಕೊಂಡ ಮೇಲೆ ಹೊರಡದೆ ಇರುವಂತಿಲ್ಲ. ಹೋಗಬೇಕೋ ಬೇಡವೋ ಎಂದು ಕೇಳಲು ಹೋದ ನನ್ನನ್ನು ಊರು ಊಟಕ್ಕೆ ಕೂರಿಸಿಬಿಟ್ಟಿತು!

ಮೊದಲ ಮನೆಯಲ್ಲಿ ಹೋಳಿಗೆ. ಎರಡನೆಯದರಲ್ಲಿ ಶೇಂಗಾ ಹೋಳಿಗೆ. ಮೂರನೆಯದರಲ್ಲಿ ಎರಡೂ. ಪ್ರತಿ ಮನೆಯಲ್ಲೂ ನಾನು ಎಲೆಯ ಮುಂದೆ ಕೂತು, "ನಿಮ್ಮ ಅಭಿಪ್ರಾಯ ಏನ್ರಿ? ಹೋದ್ರ ಚಲೋನೋ, ಇದ್ರ ಚಲೋನೋ?" ಎಂದು ಕೇಳುತ್ತಿದ್ದೆ. "ಮೊದ್ಲು ಉಣ್ಣರಿ" ಎಂದು ಅವರು ತುಪ್ಪ ಸುರಿಯುತ್ತಿದ್ದರು. ಇದೇ ಎಲ್ಲರ ಅಭಿಪ್ರಾಯ!

ಹರಪನಹಳ್ಳಿಯಲ್ಲಿ ಅಕ್ಕ ಮಾತ್ರ ಒಂದು ಪ್ರಶ್ನೆ ಕೇಳಿದಳು. "ತಮ್ಮಾ, ಅಲ್ಲಿ ಸುತ್ತಲೂ ನೀರಂತೆ. ನಿನಗೆ ಈಜು ಬರುತ್ತೇನೋ?"

"ನಾನು ಗಣಿತ ಹೇಳಾಕ ಹೋಗೋದು ಅಕ್ಕಾ, ಈಜಾಕಲ್ಲ."

"ಅಲ್ಲಪ್ಪ, ನೀರನ್ನೇ ಸರಿಯಾಗಿ ನೋಡಿಲ್ಲ ನೀನು!"

ಮಾತು ನಾಟಿತು. ಮಾರನೇ ಭಾನುವಾರ ಬಸಣ್ಣ ನನ್ನನ್ನು ನೀರಿನ ರೂಢಿ ಮಾಡಿಸಲು ತಂಬ್ರಹಳ್ಳಿ ಕಡೆಯ ಹಿನ್ನೀರಿಗೆ ಕರೆದೊಯ್ದ. ಅಲ್ಲಿ ಮೀನು ಹಿಡಿಯುವವನೊಬ್ಬ ನಮ್ಮನ್ನು ತೆಪ್ಪದಲ್ಲಿ ಕೂರಿಸಿಕೊಂಡ. ನಾನು ಗಾಂಭೀರ್ಯದಿಂದ, "ಸಂಸಾರ ಕಟ್ಟಿಕೊಂಡು ದ್ವೀಪದಾಗ ಇರಬಹುದೇನಪ್ಪ?" ಎಂದು ಅವನನ್ನೂ ವಿಚಾರಿಸಿದೆ. ಅವನು ಉತ್ತರ ಹೇಳುವ ಮೊದಲೇ ತೆಪ್ಪ ಒಂದು ಸುತ್ತು ತಿರುಗಿತು. ಹದಿಮೂರನೇ ಊಟ ಹೊರಗೆ ಬಂತು! "ಇವರನ್ನ ವಿಮಾನದಾಗ ಕಳಿಸ್ರಪ್ಪ" ಎಂದು ಅವನು ಬಸಣ್ಣನಿಗೆ ಸಲಹೆ ಕೊಟ್ಟ. ಇಡೀ ಮೂರು ವಾರದಲ್ಲಿ ನನಗೆ ಸಿಕ್ಕ ಒಂದೇ ಒಂದು ಸ್ಪಷ್ಟ ಅಭಿಪ್ರಾಯ ಅದು.

ಕೊನೆಯ ಊಟ ಇಟ್ಟಿಗಿಯಲ್ಲಿ, ಚಿಗವ್ವನ ಮನೆಯಲ್ಲಿ. ಬೇಸಿಗೆ ರಜೆ ಬಂತೆಂದರೆ ನಾನು ಬೆಳೆದದ್ದೇ ಆ ಮನೆಯಲ್ಲಿ. ಪಡಸಾಲೆಯ ಮೂಲೆಯಲ್ಲಿ ಶೇಂಗಾ ರಾಶಿ ಇರುತ್ತಿತ್ತು. ಚಿಗವ್ವ ಸುಲಿಯುತ್ತ ಕೂತರೆ ನಾನು ಪಕ್ಕದಲ್ಲಿ ಕೂತು ತಿನ್ನುತ್ತಿದ್ದೆ. ಸುಲಿದ ಕಾಳಿನ ಬುಟ್ಟಿ ತುಂಬುವುದೇ ಇಲ್ಲವಲ್ಲ ಎಂದು ಆಕೆ ದಿನಾ ಹೊಸದಾಗಿ ಆಶ್ಚರ್ಯಪಡುತ್ತಿದ್ದಳು, ನನ್ನನ್ನು ಬೈಯಬಾರದು ಅಂತ. ಈಗ ಶೈಲಾಳ ಉಡಿ ತುಂಬಿ, ತಾನೇ ಸುಲಿದ ಎರಡು ಸೇರು ಶೇಂಗಾ ಕಾಳಿನ ಗಂಟನ್ನು ನನ್ನ ಕೈಗಿಟ್ಟಳು. "ಅಲ್ಲಿ ಜ್ವಾಳ ಸಿಗ್ತಾವನು?" ಅಂದಳು. ಸಿಗುವುದಿಲ್ಲ ಎಂದೆ. "ಮತ್ತ ಹೆಂಗ ಇರ್ತೀರಪ್ಪ?" ಎಂದು ಕಣ್ಣು ಒರೆಸಿಕೊಂಡಳು. ನನಗೂ ಅಳು ಬಂತು, ಬಸ್ಸಿನಲ್ಲಿ ಕೊಟ್ಟೂರು ಮುಟ್ಟುವವರೆಗೂ ಆ ಗಂಟನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಒಟ್ಟು ಹದಿನೇಳು ಊಟ, ಹದಿನೇಳು ಟವೆಲ್ಲು. ಅವುಗಳ ಮುಂದೆ ನನ್ನ ಗ್ರಾಫ್ ಹಾಳೆ ನಿಲ್ಲಲಿಲ್ಲ. ಸಂಸಾರ ಸಮೇತ ಬರುತ್ತೇವೆ ಎಂದು ಏಜೆನ್ಸಿಗೆ ಬರೆದುಬಿಟ್ಟೆ.

ಸಂದರ್ಶನದ ದಿನ ಬಂತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡುಗೆಮನೆಯ ಬಾಗಿಲಲ್ಲಿ ಮಾತ್ರ. ಅಲ್ಲೇ ಸ್ಟೂಲ್ ಹಾಕಿ, ಲ್ಯಾಪ್‌ಟಾಪ್ ಇಟ್ಟು, ಮದುವೆಯ ಕೋಟು ತೊಟ್ಟು ಕೂತೆ. ಹದಿನೇಳು ಊಟದ ನಂತರ ಕೋಟಿನ ಗುಂಡಿ ಹಾಕುವ ಪ್ರಶ್ನೆಯೇ ಇರಲಿಲ್ಲ. ಪರದೆಯ ಮೇಲೆ ಕನ್ನಡಕ ಹಾಕಿದ ಪ್ರಿನ್ಸಿಪಾಲರು ಬಂದರು. ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ, ಇದನ್ನು ಒಂಬತ್ತು ವರ್ಷದ ಮಗುವಿಗೆ ಹೇಗೆ ತಿಳಿಸುತ್ತೀರಿ ಎಂದು ಕೇಳಿದರು.

ಇಷ್ಟೇನಾ! ನಾನು ಗಂಟಲು ಸರಿಮಾಡಿಕೊಂಡು ಭಿನ್ನರಾಶಿಯ ವ್ಯಾಖ್ಯೆಯಿಂದ ಶುರುಮಾಡಿದೆ. ಅಂಶ, ಛೇದ, ಲಘುತಮ ಸಾಮಾನ್ಯ ಅಪವರ್ತ್ಯ ಎಲ್ಲವನ್ನೂ ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ವಿವರಿಸಿದೆ. ನನ್ನ ಬೆನ್ನ ಹಿಂದೆ ಅಡುಗೆಮನೆಯಲ್ಲಿ ಪಲ್ಲವಿ ಪಿಸುಗುಟ್ಟಿದ್ದು ಕೇಳಿಸಿತು. "ಮಮ್ಮಿ, ಮೂರಕ್ಕಿಂತ ನಾಕು ದೊಡ್ಡದಲ್ಲ? ಹಂಗಾರ ನಾಲ್ಕನೇ ಒಂದೇ ದೊಡ್ಡದು."

ಶೈಲಾ ಎರಡು ರೊಟ್ಟಿ ತೆಗೆದುಕೊಂಡಳಂತೆ. ಒಂದನ್ನು ಮೂರು ತುಂಡು ಮಾಡಿದಳು, ಇನ್ನೊಂದನ್ನು ನಾಲ್ಕು. ಎರಡರಿಂದಲೂ ಒಂದೊಂದು ತುಂಡು ಎತ್ತಿ ಹಿಡಿದು, "ಹಸಿವು ಆಗೈತಿ ಅಂತ ತಿಳಕೋ. ಯಾವ್ದು ತಗೊಂತಿ?" ಅಂದಳು. ಪಲ್ಲವಿ ಮೂರರ ತುಂಡನ್ನು ಕಸಿದುಕೊಂಡು ಬಾಯಿಗೆ ಹಾಕಿಕೊಂಡಳು. ಪಾಠ ಮುಗಿಯಿತು!

ನಾನಿನ್ನೂ ಅಪವರ್ತ್ಯದಲ್ಲೇ ಇದ್ದೆ. ಪ್ರಿನ್ಸಿಪಾಲರು ನನ್ನ ಮುಖ ಬಿಟ್ಟು ಭುಜದಾಚೆ ನೋಡುತ್ತಿರುವುದು ತಡವಾಗಿ ಗೊತ್ತಾಯಿತು. "ಅವರು ಯಾರು?" ಎಂದರು.

"ನನ್ನ ಹೆಂಡತಿ. ಕ್ಷಮಿಸಿ, ಈಗಲೇ ಬಾಗಿಲು ಹಾಕಿಸುತ್ತೇನೆ."

"ಬೇಡ. ಅವರನ್ನು ಕರೆಯಿರಿ."

ಶೈಲಾ ಕೈಯ ಹಿಟ್ಟು ಒರೆಸಿಕೊಂಡು ಬಂದಳು. ಅವರಿಬ್ಬರೂ ಅರ್ಧ ಗಂಟೆ ಮಾತಾಡಿದರು. ನಾನು ಪರದೆಯಾಚೆ ಸರಿದು, ಕೋಟು ತೊಟ್ಟುಕೊಂಡು, ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದೆ.

ವಾರದ ನಂತರ ಮೇಲ್ ಬಂತು. ಪ್ರಾಥಮಿಕ ವಿಭಾಗದ ಗಣಿತಕ್ಕೆ ಶೈಲಾ ಆಯ್ಕೆಯಾಗಿದ್ದಾಳೆ, ಎರಡು ವರ್ಷದ ಕರಾರು, ಸಂಸಾರ ಸಮೇತ ಬರಬಹುದು. ನನ್ನ ಅರ್ಜಿಯನ್ನು ಮುಂದಿನ ಅವಕಾಶಕ್ಕಾಗಿ ಗೌರವಪೂರ್ವಕವಾಗಿ ಕಾದಿರಿಸಲಾಗಿದೆ! ಶೈಲಾ ಅದನ್ನು ನಿಂತುಕೊಂಡೇ ಎರಡು ಸಲ ಓದಿದಳು. "ನೀವು ಬ್ಯಾಡ ಅಂದ್ರ ಬ್ಯಾಡ ಅಂತ ಬರೀತೀನಿ" ಅಂದಳು.

ಹೋಗೋಣ ಎಂದು ನಾನು ಆಗಲೇ ಅನ್ನಬೇಕಿತ್ತು. ಅನ್ನಲಿಲ್ಲ. ಹೊಸ ಗ್ರಾಫ್ ಹಾಳೆ ತೆಗೆದೆ. ಈ ಸಲ 'ಹೋಗುವುದು' ಹತ್ತೊಂಬತ್ತು ಅಂಕಕ್ಕೆ ನಪಾಸಾಯಿತು. ಪಲ್ಲವಿಯ ಓದು ಏನಾಗಬೇಕು, ಜೋಳ ಸಿಗುವುದಿಲ್ಲ, ನನ್ನ ನೌಕರಿ ಬಿಡುವುದು ಹೇಗೆ ಎಂದು ಗಂಭೀರ ಧ್ವನಿಯಲ್ಲಿ ಒಂದೊಂದಾಗಿ ಓದಿದೆ.

"ಹದಿನೈದು ದಿನದ ಹಿಂದ ಇವಕ್ಕೆಲ್ಲಾ ನೀವ ಉತ್ತರ ಹೇಳಿದ್ರಿ" ಎಂದಳು ಶೈಲಾ. ಆಮೇಲೆ ಒಂದೊಂದೇ ಬೆರಳು ಮಡಿಸುತ್ತ ಎಣಿಸತೊಡಗಿದಳು. "ಗಿರಣಿ ಬಸಣ್ಣನ್ನ ಕೇಳಿದ್ರಿ. ಹರಪನಹಳ್ಳಿ ಅಕ್ಕನ್ನ ಕೇಳಿದ್ರಿ. ಇಟ್ಟಿಗಿ ಚಿಗವ್ವನ್ನ ಕೇಳಿದ್ರಿ. ಹಿನ್ನೀರಿನ ತೆಪ್ಪದಾವನ್ನೂ ಕೇಳಿದ್ರಿ! ನನ್ನ ಒಂದು ಸಲ ಕೇಳಿದ್ರೇನು?"

ಉತ್ತರ ಇಲ್ಲದ ಗಂಡಸರು ಮಾಡುವ ಕೆಲಸವನ್ನೇ ಮಾಡಿದೆ. ಚಪ್ಪಲಿ ಮೆಟ್ಟಿಕೊಂಡು ದೋಸ್ತನ ಹತ್ತಿರ ಹೋದೆ.

ಗಿರಣಿ ಆಗತಾನೆ ನಿಂತಿತ್ತು. ಸಾಲಿನಲ್ಲಿ ಏಳೆಂಟು ಜನ ಡಬ್ಬಿ ಹಿಡಿದು ಕೂತಿದ್ದರು. "ಬಸಣ್ಣ, ಊರ ಮಂದಿಗೆ ಏನ್ ಮುಖ ತೋರಸ್ಲಿ? ನಾನು ಹೊಂಟೀನಿ ಅಂತ ಹದಿನೇಳು ಮನಿ ಉಂಡೀನಿ. ಈಗ ನೌಕರಿ ಶೈಲಾಗ ಬಂದೈತಿ. ಎಲ್ಲಾ ಟವೆಲ್ ವಾಪಸ್ ಕೊಟ್ಟು ಬರ್ಲ್ಯಾ?" ಎಂದೆ.

ಬಸಣ್ಣ ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು ನನ್ನನ್ನು ನೋಡಿದ. "ಸರ, ಹದಿನೇಳು ಮನ್ಯಾಗೂ ಮಣಿ ಮ್ಯಾಲ ಕುಂದ್ರಿಸಿ ಉಡಿ ತುಂಬಿದ್ದು ಯಾರಿಗೆ? ನಿಮಗಾ?"

"ಶೈಲಾಗ."

"ಮತ್ತ? ಊರು ಕಳಿಸಿದ್ದು ಆಕೀನ. ನಿಮಗ ಟವೆಲ್ ಕೊಟ್ಟಿದ್ದು ಉಂಡ ಕೈ ಒರೆಸಿಕೊಳ್ಳಾಕ!"

ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಗಂಗಮ್ಮಜ್ಜಿಯಂತೂ ಡಬ್ಬಿ ಕೆಳಗಿಟ್ಟು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ನಗು ನಿಂತು ನಾಚಿಕೆ ಶುರುವಾಯಿತು.

ಶೈಲಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹತ್ತಿರ ಹೋಗಿ ನಿಂತೆ. "ಶೈಲಾ, ನಿನಗ ಹೋಗಬೇಕು ಅನಸ್ತೈತನು?"

ಆಕೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನನ್ನತ್ತ ತಿರುಗಿದಳು. "ಹೂಂ" ಅಂದಳು. "ನನಗ ಯಾರೂ ಅರ್ಜಿ ಹಾಕು ಅಂದಿದ್ದಿಲ್ಲ. ನಾನೂ ಹಾಕಿದ್ದಿಲ್ಲ. ಕೇಳಲಾರದ ಬಂದೈತಿ. ಒಮ್ಮೆ ಹೋಗಿ ನೋಡಬೇಕು ಅನಸ್ತೈತ್ರಿ." ಹನ್ನೊಂದು ವರ್ಷದ ಸಂಸಾರದಲ್ಲಿ ಆಕೆ ತನಗಾಗಿ ಇದು ಬೇಕು ಎಂದದ್ದು ನನಗೆ ನೆನಪಿರುವಂತೆ ಅದೇ ಮೊದಲು. ಗ್ರಾಫ್ ಹಾಳೆ ಹರಿದು ಹಾಕಿ, ಸಂಬಳವಿಲ್ಲದ ರಜೆಗೆ ಅರ್ಜಿ ಬರೆದೆ.

ಹೀಗೆ ನಾವು ಇಲ್ಲಿಗೆ ಬಂದು ಎರಡು ವರ್ಷವಾಗುತ್ತ ಬಂತು. ನನ್ನ ವೀಸಾದಲ್ಲಿ ನನ್ನನ್ನು 'ಅವಲಂಬಿತ' ಎಂದು ಬರೆದಿದ್ದಾರೆ. ದ್ವೀಪದ ಈ ತುದಿಯಿಂದ ಆ ತುದಿಗೆ ನಡೆದರೆ ಅರ್ಧ ಗಂಟೆ. ದಿನಾ ಎರಡು ಸಲ ನಡೆಯುತ್ತೇನೆ. ಎಲ್ಲರೂ ನನ್ನನ್ನು ಶೈಲಾ ಟೀಚರ ಗಂಡ ಎಂದು ಗುರುತಿಸಿ ನಗುತ್ತಾರೆ. ಊರಿಂದ ತರಿಸಿದ ಹಿಟ್ಟಿನಲ್ಲಿ ರೊಟ್ಟಿ ತಟ್ಟುವುದನ್ನು ಕಲಿತಿದ್ದೇನೆ. ಒಂದೂ ದುಂಡಗೆ ಬಂದಿಲ್ಲ, ಆದರೂ ತಾಯಿ ಮಗಳು ತಿನ್ನುತ್ತಾರೆ. ಡಬ್ಬಿಯ ಮುಚ್ಚಳ ತೆಗೆದಾಗ ಗಿರಣಿಯ ಬಿಸಿ ಹಿಟ್ಟಿನ ವಾಸನೆ ಬರುತ್ತದೇನೋ ಎಂದು ಮೂಗು ಇಟ್ಟು ನೋಡುತ್ತೇನೆ. ಬರುವುದಿಲ್ಲ. ಭಾನುವಾರ ಚಿಗವ್ವನಿಗೆ ಫೋನ್ ಮಾಡಿದರೆ ಆಕೆ ಮೊದಲು ಶೈಲಾಗೆ ಕೊಡು ಅನ್ನುತ್ತಾಳೆ. ಕೊಟ್ಟೂರು ನನಗೆ ಬಹಳ ನೆನಪಾಗುತ್ತದೆ. ಇಷ್ಟು ನೆನಪಾಗುವ ಊರು ಅದು ಎಂದು ಅಲ್ಲಿದ್ದಾಗ ಗೊತ್ತೇ ಇರಲಿಲ್ಲ.

ಮೊನ್ನೆ ಸಂಜೆ ಶೈಲಾ ಶಾಲೆಯಿಂದ ಒಂದು ಕಾಗದ ಹಿಡಿದು ಬಂದಳು. ಇನ್ನೆರಡು ವರ್ಷ ಇರಿ ಎಂದು ಪ್ರಿನ್ಸಿಪಾಲರು ಕೇಳಿದ್ದಾರಂತೆ. "ನೀವೇನಂತೀರಿ?" ಅಂದಳು.

ಕೇಳಿದಳು! ನಾನು ಮಾಡದೇ ಹೋದ ಕೆಲಸವನ್ನು ಆಕೆ ಮಾಡಿದಳಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಊರು, ಗಿರಣಿ, ಚಿಗವ್ವ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು. ಒಂದು ದಿನ ಯೋಚಿಸಿ ಹೇಳುತ್ತೇನೆ ಎಂದು ಘನವಾಗಿ ನುಡಿದು ಕಾಗದವನ್ನು ಕೈಗೆ ತೆಗೆದುಕೊಂಡೆ.

ಕೆಳಗೆ ಆಕೆಯ ಸಹಿ ಆಗಲೇ ಇತ್ತು. ನಾನು ದೊಡ್ಡ ಮನಸ್ಸು ಮಾಡಿ ಅಲ್ಲೇ ಒಪ್ಪಿಗೆ ಕೊಟ್ಟೆ.