ದಿ. ನಾರಾಯಣಸ್ವಾಮಿಯವರ ಸ್ಟೀಲ್ ಬಾಟಲಿ

ನಾನು ಮೂಲತಃ ಪ್ಲಾಸ್ಟಿಕ್ ಬಾಟಲಿಯ ಮನುಷ್ಯ. ಇದನ್ನು ಈಗಿನ ಕಾಲದಲ್ಲಿ ಬಾಯಿ ಬಿಟ್ಟು ಹೇಳಿದರೆ ಜನ ನನ್ನನ್ನೇ ಕಸದಂತೆ ನೋಡುತ್ತಾರೆ, ಆದರೂ ನಿಜ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಒಂದು ಬಾಟಲಿ ಕೊಂಡು, ಅದರ ನೀರು ಮುಗಿದ ಮೇಲೂ ಆಫೀಸಿನ ನಲ್ಲಿಯಲ್ಲಿ ತುಂಬಿಸಿ ತುಂಬಿಸಿ, ಒಳಗೆ ಪಾಚಿಯ ಹಸಿರು ಕಾಣಿಸಿ ಹೆಂಡತಿ ಸರೋಜ ಕಿರುಚುವವರೆಗೆ ಬಳಸುತ್ತಿದ್ದೆ. ಅದರಲ್ಲಿ ನಾನು ಕಂಡ ದೊಡ್ಡ ಗುಣವೆಂದರೆ ಅದನ್ನು ಎಲ್ಲಿ ಬೇಕಾದರೂ ಮರೆಯಬಹುದು. ಬಸ್ಸಿನಲ್ಲಿ ಬಿಟ್ಟು ಬಂದರೆ ಯಾರೂ ಬೆನ್ನ ಹಿಂದೆ ಕೂಗುವುದಿಲ್ಲ. ಸ್ಟೀಲ್ ಹಾಗಲ್ಲ. ನಮ್ಮ ಮನೆಗಳಲ್ಲಿ ಸ್ಟೀಲಿಗೆ ಹೆಸರಿರುತ್ತದೆ. ನಮ್ಮ ಮದುವೆಗೆ ಬಂದ ಲೋಟವೊಂದರ ಮೇಲೆ ಈಗಲೂ ಸರೋಜಳ ಸೋದರಮಾವನ ಹೆಸರಿದೆ. ಮಾವ ಹೋಗಿ ಎಷ್ಟೋ ಕಾಲವಾಯಿತು. ಅವರು ಬದುಕಿದ್ದಾಗ ಹೇಗೋ ಈಗಲೂ ಹಾಗೆಯೇ ಬೆಳಿಗ್ಗೆ ನನ್ನ ಕಾಫಿಯ ಮೇಲೆ ಕೂತಿರುತ್ತಾರೆ.

ಇಂಥ ನನ್ನ ಕೈಗೆ ಒಂದು ಸ್ಟೀಲ್ ಬಾಟಲಿ ಬಂದದ್ದು ನಗರಗೆರೆಯ ಒಂದು ತಿಥಿಯಲ್ಲಿ. ತೀರಿಕೊಂಡವರು ಸರೋಜಳ ಅಕ್ಕನಿಗೆ ಭಾವನಾಗಬೇಕು. ಹೊಲಮನೆ ನೋಡಿಕೊಂಡಿದ್ದ ದೊಡ್ಡ ಮನುಷ್ಯರು, ನಾನು ಅವರನ್ನು ಮದುವೆ ಮುಂಜಿಗಳಲ್ಲಿ ದೂರದಿಂದ ನೋಡಿ ಕೈ ಮುಗಿದದ್ದಷ್ಟೇ. ಗೌರಿಬಿದನೂರಿನಲ್ಲಿ ಬಸ್ ಬದಲಿಸಿ ಊರ ಬಾಗಿಲಿನಲ್ಲಿ ಇಳಿದರೆ ತಲೆಯ ಮೇಲೊಂದು ದೊಡ್ಡ ಫ್ಲೆಕ್ಸ್: 'ಕಣ್ಣೀರಿನ ಶ್ರದ್ಧಾಂಜಲಿ, ಎಂ. ನಾರಾಯಣಸ್ವಾಮಿ'. ನನ್ನ ಹೆಸರೂ ಅದೇ, ಇನಿಷಿಯಲ್ಲೂ ಅದೇ. ನಮ್ಮ ಕಡೆ ಆ ಹೆಸರಿಗೆ ಬರವಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೂಗಿದರೆ ಅರ್ಧ ಮಾರುಕಟ್ಟೆ ತಿರುಗಿ ನೋಡುತ್ತದೆ. ಆದರೂ ಆ ಬ್ಯಾನರಿನ ಕೆಳಗೆ ನಿಂತಾಗ ಗಾಳಿಗೆ ಅದು ಪಟಪಟ ಹೊಡೆದುಕೊಂಡ ಸದ್ದಿಗೆ ನನ್ನ ಕತ್ತಿನ ಹಿಂದೆ ತಣ್ಣಗಾಯಿತು. ಸರೋಜ ನನ್ನ ತೋಳು ಹಿಡಿದು ಆಚೆಗೆ ಎಳೆದಳು.

ಸತ್ತವರ ಮಗಳು ಕಾಲೇಜಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅಪ್ಪನ ತಿಥಿಯಲ್ಲಿ ಎಲೆಗೊಂದು ಪ್ಲಾಸ್ಟಿಕ್ ಬಾಟಲಿ ಇಡುವುದು ಬೇಡವೆಂದು ಹಟ ಹಿಡಿದು, ಊಟಕ್ಕೆ ಲೋಟದಲ್ಲಿ ನೀರು ಕೊಡಿಸಿ, ಹೊರಡುವಾಗ ಬಂದವರಿಗೆಲ್ಲ ಒಂದೊಂದು ಸ್ಟೀಲ್ ಬಾಟಲಿ ಹಂಚಿದಳು. "ತಗೊಳ್ಳಿ ಚಿಕ್ಕಪ್ಪ, ಇದು ನೀವಿರೋವರೆಗೂ ಹಾಳಾಗಲ್ಲ" ಎಂದಳು. ನಾನು ಇಸಿದುಕೊಂಡು ತಿರುಗಿಸಿದೆ. ಮುತ್ತಿನಂಥ ಅಕ್ಷರಗಳಲ್ಲಿ ಕೆತ್ತಿತ್ತು: 'ದಿ. ಎಂ. ನಾರಾಯಣಸ್ವಾಮಿಯವರ ಸವಿನೆನಪಿಗಾಗಿ'. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ, ನನ್ನ ಹೆಸರು ಬಲ್ಲ ಯಾರೋ ಹಿರಿಯರು ಬಗ್ಗಿ ಓದಿ, "ನಿನ್ನ ಮನೆಯೋರಿಗೆ ಒಂದು ಕೆಲ್ಸ ಕಮ್ಮಿ ಆಯ್ತು ಬಿಡಪ್ಪ" ಎಂದರು. ಅವರು ನಕ್ಕರೋ ಇಲ್ಲವೋ ಮೀಸೆಯಲ್ಲಿ ತಿಳಿಯಲಿಲ್ಲ.

ಮನೆಗೆ ಬಂದದ್ದೇ ಸರೋಜ ಬಾಗಿಲಿಗೆ ಅಡ್ಡ ನಿಂತಳು. "ರೀ, ಅದನ್ನ ಹೊಸ್ತಿಲು ದಾಟಿಸ್ಬೇಡಿ. ನಿಮ್ಮ ಹೆಸರಿಗೆ ಆ ಅಕ್ಷರ ಅಂಟಿರೋದನ್ನ ನಾನು ದಿನಾ ಕೈಯಾರ ತೊಳೀಬೇಕಾ?" ಬಾಟಲಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಉಳಿಯಿತು. ಮರುದಿನ ಅದನ್ನು ನನ್ನ ಆಫೀಸಿರುವ ಶಿಡ್ಲಘಟ್ಟದ ಪಾತ್ರೆ ಅಂಗಡಿಗೆ ಒಯ್ದು, ಆ 'ದಿ' ಒಂದನ್ನು ಅಳಿಸಿಕೊಡಿ ಎಂದೆ. ಹೆಸರು ಕೆತ್ತುವ ಮೆಷಿನ್ನಿನವನು ಬೆರಳಾಡಿಸಿ ನೋಡಿ, "ಕೆತ್ತೋದು ಬರುತ್ತೆ ಸಾರ್, ಅಳಿಸೋದು ಬರಲ್ಲ. ಬೇಕಾದ್ರೆ ತಾರೀಕು ಸೇರಿಸ್ಕೊಡ್ತೀನಿ" ಎಂದ. ತಾರೀಕು ನನಗಿನ್ನೂ ಗೊತ್ತಿರಲಿಲ್ಲವಾದ್ದರಿಂದ ಬೇಡವೆಂದು ವಾಪಸು ತಂದೆ. ಹಾಗೆಂದು ಎಸೆಯಲು ಮನಸ್ಸು ಬರಲಿಲ್ಲ, ಬಾಟಲಿ ಅಷ್ಟು ಚೆನ್ನಾಗಿತ್ತು. ಬೆಳಿಗ್ಗೆ ತುಂಬಿದ ನೀರು ಸಂಜೆಗೂ ಹಾಗೆಯೇ ತಣ್ಣಗಿರುತ್ತಿತ್ತು. ಪ್ಲಾಸ್ಟಿಕ್ ಬಾಟಲಿಯ ನೀರು ನಮ್ಮ ಜೊತೆಗೇ ಬಿಸಿಲಿಗೆ ಕಾದು, ನಮ್ಮ ಜೊತೆಗೇ ಬೆವರಿ, ಮನುಷ್ಯರಂತೆ ಇರುತ್ತದೆ. ಇದರದ್ದು ಹೊರಗಿನ ಬಿಸಿಲಿಗೂ ತನಗೂ ಸಂಬಂಧವೇ ಇಲ್ಲವೆಂಬ ತಣ್ಪು. ಮುಚ್ಚಳ ತಿರುಗಿಸಿದಾಗ ಒಳಗಿನಿಂದ ಸಣ್ಣಗೆ ಉಸಿರು ಬಿಟ್ಟ ಹಾಗೆ ಸದ್ದು ಬೇರೆ.

ಆಫೀಸಿನಲ್ಲಿ ನನ್ನ ಎದುರು ಮೇಜಿನವರು ಜಯಮ್ಮ. ನನ್ನ ಹೆಸರು ನನ್ನನ್ನೇ ದಿಟ್ಟಿಸುವುದು ಬೇಡವೆಂದು ನಾನು ಕೆತ್ತನೆಯನ್ನು ಆ ಕಡೆಗೆ ತಿರುಗಿಸಿ ಇಡುತ್ತಿದ್ದೆ. ಕಡತದಿಂದ ತಲೆಯೆತ್ತಿದರೆ ಅದು ನನ್ನ ಕಡೆಗೇ ತಿರುಗಿರುತ್ತಿತ್ತು. ನಾಲ್ಕಾರು ದಿನ ಬೆವರಿದ ಮೇಲೆ ಕೇಳಿಯೇಬಿಟ್ಟೆ. "ನಾನೇ ತಿರುಗಿಸ್ತೀನಿ ಸಾರ್, ಊಟದ ಹೊತ್ತಲ್ಲಿ ಅದನ್ನ ಓದ್ತಾ ಹೆಂಗೆ ತಿನ್ನೋದು" ಎಂದರು ಜಯಮ್ಮ. ಇಬ್ಬರೂ ನಕ್ಕೆವು. ನನಗೆ ಜೀವ ಬಂತು. ಆ ಜೀವ ಮುಂದಿನ ಸೋಮವಾರದವರೆಗೆ ಇತ್ತು. ಅಂದು ಮಧ್ಯಾಹ್ನ ತಲೆಯೆತ್ತಿದಾಗ ಹೆಸರು ಎಂದಿನಂತೆ ನನ್ನತ್ತ ತಿರುಗಿತ್ತು, ಮತ್ತು ಜಯಮ್ಮ ಅಂದು ರಜೆಯಲ್ಲಿದ್ದರು. ಕೋಣೆಯಲ್ಲಿ ಫ್ಯಾನ್ ಬಿಟ್ಟರೆ ಯಾರೂ ಇರಲಿಲ್ಲ. ನಾನೇ ನೀರು ಕುಡಿದು ಹಾಗಿಟ್ಟಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ, ಆದರೆ ನನಗೆ ಬಾಯಾರಿಕೆ ಹಾಗೆಯೇ ಇತ್ತು.

ಮರುದಿನ ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗ ಬಾಟಲಿಯನ್ನು ಸೀಟಿನ ಮೇಲೆಯೇ ಬಿಟ್ಟು, ಹಿಂದೆ ನೋಡದೆ ಇಳಿದೆ. ಪ್ಲಾಸ್ಟಿಕ್ ಬಾಟಲಿಗಳನ್ನು ಹೀಗೆ ಎಷ್ಟು ಬಿಟ್ಟಿದ್ದೆನೋ! ಅಂದು ಆಫೀಸಿನಲ್ಲಿ ಕೆಲಸ ಜಾಸ್ತಿಯಾಗಿ ಎಂದಿನ ಬಸ್ ತಪ್ಪಿತು, ಫೋನಿನ ಚಾರ್ಜ್ ಮುಗಿದು ಹೋಯಿತು. ಮನೆಯ ರಸ್ತೆಗೆ ತಿರುಗಿದಾಗ ದೀಪ ಹಚ್ಚುವ ಹೊತ್ತು. ಬೀದಿ ನಿಶ್ಶಬ್ದವಾಗಿತ್ತು. ಆ ಹೊತ್ತಿಗೆ ಪ್ರತಿ ಮನೆಯಿಂದಲೂ ಟೀವಿಯ ಧಾರಾವಾಹಿ ಅಳುತ್ತಿರಬೇಕು, ಒಂದೂ ಇಲ್ಲ. ಮೂಲೆ ಅಂಗಡಿಯ ಮುನಿರತ್ನಮ್ಮ ಇರಲಿಲ್ಲ, ಅಂಗಡಿ ಮಾತ್ರ ತೆರೆದಿತ್ತು. ಎದುರು ಮನೆಯ ಪಿಳ್ಳಪ್ಪನವರು ಗೇಟಿನ ಬಳಿ ನಿಂತಿದ್ದರು. "ಏನ್ ಸಾರ್, ಕರೆಂಟ್ ಇಲ್ವಾ?" ಎಂದೆ. ಅವರು ನನ್ನನ್ನು ನೋಡಿದರು, ಬಾಯಿ ತೆರೆದರು. ಹಾಗೆಯೇ ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕದ ಸದ್ದು ಕೇಳಿಸಿತು.

ನನ್ನ ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಬೀದಿಯ ಹೆಂಗಸರೆಲ್ಲ ಪಿಸುದನಿಯಲ್ಲಿ ಮಾತಾಡುತ್ತಿದ್ದರು. ನಾನು ಕಿಟಕಿಯ ಪಕ್ಕ ನಿಂತುಬಿಟ್ಟೆ. "ಪಾಪ, ಯಾರ ತಂಟೆಗೂ ಹೋದೋರಲ್ಲ" ಎಂದಿತು ಒಂದು ದನಿ. ಬೇರೆ ಗುಣ ಯಾವುದಾದರೂ ಸಿಗುತ್ತದೆಯೇ ಎಂದು ಎಲ್ಲರೂ ಹುಡುಕುತ್ತಿದ್ದಂತಿತ್ತು. "ಸಂಪ್ ತುಂಬಿದ್ರೂ ಮೋಟರ್ ಆಫ್ ಮಾಡ್ತಿರ್ಲಿಲ್ಲ, ಅದೊಂದು ಬಿಟ್ರೆ ಒಳ್ಳೇ ಮನುಷ್ಯ" ಎಂದರು ಮುನಿರತ್ನಮ್ಮ. ಸಂಪಿನ ಮೋಟರ್ ಆಫ್ ಮಾಡದವನು ಈ ರಸ್ತೆಯಲ್ಲಿ ನಾನೊಬ್ಬನೇ. ಬಸ್ಸಿನಲ್ಲಿ ಏನಾದರೂ ಆಯಿತೇ? ನಾನು ಇಳಿದದ್ದು ನೆನಪಿದೆ, ಟಿಕೆಟ್ ಕೊಂಡದ್ದು ನೆನಪಿಲ್ಲ. ಕಂಡಕ್ಟರ್ ನನ್ನನ್ನು ಟಿಕೆಟ್ ಕೇಳಿದನೇ? ಯೋಚಿಸಿದಷ್ಟೂ, ಆ ಸಂಜೆ ನನ್ನ ಜೊತೆ ಯಾರೂ ಮಾತನಾಡಿದ ನೆನಪಾಗಲಿಲ್ಲ. ಸುಮ್ಮನೆ ಕಿಟಕಿಯ ಸರಳನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. ಒಳಗೆ ಮೇಜಿನ ಮೇಲೆ ಆ ಸ್ಟೀಲ್ ಬಾಟಲಿ ನಿಂತಿತ್ತು, ಹೆಸರು ಕಿಟಕಿಯ ಕಡೆಗೆ.

ಆಗ ಸರೋಜ ತಲೆಯೆತ್ತಿ ನನ್ನನ್ನು ನೋಡಿದಳು. ಕಿರುಚಲಿಲ್ಲ. ಎದ್ದು ಬಂದು ಕಿಟಕಿಯೊಳಗಿಂದ ಕೈ ಚಾಚಿ ನನ್ನ ತೋಳನ್ನು ಬಲವಾಗಿ ಚಿವುಟಿದಳು. "ಅಯ್ಯೋ!" ಎಂದು ನಾನು ಕೂಗಿದ ಮೇಲೆ ಅವಳು ಅಳತೊಡಗಿದಳು, ಉಳಿದವರು ಕಿರುಚತೊಡಗಿದರು.

ನಡೆದದ್ದು ಇಷ್ಟೇ. ಬಸ್ಸಿನಲ್ಲಿ ಬಾಟಲಿ ಸಿಕ್ಕಿದ್ದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಅಮ್ಜದ್ ಎಂಬವರಿಗೆ. ಪ್ಲಾಸ್ಟಿಕ್ಕಾಗಿದ್ದರೆ ಕಾಲಿನಿಂದ ಸರಿಸುತ್ತಿದ್ದರು, ಸತ್ತವರ ನೆನಪಿನ ವಸ್ತುವೆಂದು ಎತ್ತಿಕೊಂಡರಂತೆ. ದಿನಾ ಬರುವ ನಾರಾಯಣಸ್ವಾಮಿಯ ಮನೆ ಯಾವ ರಸ್ತೆಯಲ್ಲಿದೆ ಎಂದು ಕಂಡಕ್ಟರ್ ಹೇಳಿದ್ದಾನೆ. ಚಿಕ್ಕಬಳ್ಳಾಪುರಕ್ಕೆ ಬೇರೆ ಕೆಲಸಕ್ಕೆ ಬಂದವರು ಬಾಟಲಿಯನ್ನು ಮುನಿರತ್ನಮ್ಮನ ಅಂಗಡಿಯಲ್ಲಿಟ್ಟು, "ಇದು ಅವರ ಮನೆಗೆ ಸೇರ್ಬೇಕಮ್ಮ, ಬಸ್ಸಲ್ಲಿ ಹಿಂಗಾಯ್ತು" ಎಂದು ಹೊರಟುಹೋಗಿದ್ದಾರೆ. ಮುನಿರತ್ನಮ್ಮ ಕೆತ್ತನೆ ಓದಿದ್ದಾರೆ. ಬೆಳಿಗ್ಗೆ ಹಾಲು ಕೊಂಡವನ ಹೆಸರನ್ನು ಸಂಜೆಯೊಳಗೆ ಸ್ಟೀಲಿನ ಮೇಲೆ ಕೆತ್ತಿಸಿದವರು ಯಾರು ಎಂದು ಆ ಬೀದಿಯಲ್ಲಿ ಒಬ್ಬರಿಗೂ ಅನ್ನಿಸಿಲ್ಲ. ಆಗಲೇ ಯಾರೋ ಸಾಂತ್ವನಕ್ಕೆ ಬರುವವರಿಗೆಂದು ಒಂದು ಕೇಸ್ ಪ್ಲಾಸ್ಟಿಕ್ ನೀರಿನ ಬಾಟಲಿ ತಂದಿಟ್ಟಿದ್ದರು. ಗಂಟಲು ಒಣಗಿತ್ತು, ಅದರಲ್ಲೊಂದನ್ನು ಒಡೆದು ಕುಡಿದೆ. ಸ್ವಂತ ಸಾವಿಗೆ ತಂದ ನೀರು ಕುಡಿದವರು ಬಹಳ ಮಂದಿ ಇರಲಾರರು. ಬೆಚ್ಚಗಿತ್ತು, ರುಚಿಯಾಗಿತ್ತು.

ಎಲ್ಲರೂ ಹೋದ ಮೇಲೆ, "ಆ ಬಾಟಲಿ ನಿಮ್ಮಕ್ಕನ ಭಾವಂದು ಅಂತ ನಿನಗೆ ಗೊತ್ತಿತ್ತಲ್ಲ, ಹೇಳೋದಲ್ವಾ?" ಎಂದೆ. "ಗೊತ್ತಿತ್ತು" ಎಂದಳು ಸರೋಜ. "ಆದ್ರೆ ಫೋನ್ ಹತ್ತಲಿಲ್ಲ. ಅದು ಬಂತು, ನೀವು ಬರ್ಲಿಲ್ಲ. ಏನಂತ ಹೇಳ್ಲಿ?" ನಾನು ಫೋನನ್ನು ಚಾರ್ಜಿಗೆ ಹಾಕಿದೆ. "ಭಾನುವಾರ ಹೋಗಿ ಅದನ್ನ ಅವರಿಗೇ ಕೊಟ್ಟು ಬನ್ನಿ" ಎಂದಳು.

ಭಾನುವಾರ ನಗರಗೆರೆಗೆ ಒಬ್ಬನೇ ಹೋದೆ. ಮಗಳು ಕೆಲಸದೂರಿಗೆ ವಾಪಸಾಗಿದ್ದಳು. ಜಗಲಿಯ ಮೇಲೆ ಸತ್ತವರ ಹೆಂಡತಿ ಅಂಜಿನಮ್ಮ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನಾನು ತಡವರಿಸುತ್ತಾ ನಡೆದದ್ದನ್ನೆಲ್ಲ ಹೇಳಿ ಬಾಟಲಿ ಮುಂದಿಟ್ಟೆ. ಅವರು ನಗಲಿಲ್ಲ. ಕೈ ಒರೆಸಿಕೊಂಡು, ಕೆತ್ತನೆಯ ಮೇಲೆ ಬೆರಳಿಟ್ಟು, "ನನಗೆ ಓದಕ್ಕೆ ಬರಲ್ಲಪ್ಪ. ಇದು ಅವರ ಹೆಸರೇನಾ?" ಎಂದರು. ಹೌದೆಂದೆ. "ನಿಮ್ಮದೂ ಅದೇ ಅಲ್ವಾ?" ಅದಕ್ಕೂ ಹೌದೆಂದೆ.

ಅವರು ಬಾಟಲಿಯನ್ನು ಪಕ್ಕಕ್ಕಿಟ್ಟುಕೊಂಡು ಅಂಗಳದ ಕಡೆ ತಿರುಗಿದರು. "ಗಂಡನ ಹೆಸರು ಹೇಳ್ಬಾರ್ದು ಅಂತ ನಮ್ಮಮ್ಮ ಕಲಿಸಿದ್ಲು. ಇಷ್ಟು ವರ್ಷ 'ಏಮಂಡೀ', 'ಏನ್ರೀ' ಅಂದೇ ಕಳೆದುಬಿಟ್ಟೆ. ಹೊಲದಲ್ಲಿ ದೂರ ಇದ್ರೆ ತಟ್ಟೆ ಬಡೀತಿದ್ದೆ. ಒಂದ್ಸಲ ಆದ್ರೂ ಕೂಗ್ಬೇಕಿತ್ತು ಅಂತ ಈಗ ಅನ್ಸುತ್ತೆ." ಮತ್ತೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು: "ನಿಮ್ಮ ಹೆಸರು ಹೇಳಿದ್ರೆ ತಪ್ಪಿಲ್ಲ ಅಲ್ವಾ?"

ತಪ್ಪಿಲ್ಲ ಎಂದೆ. ಅವರು ಎದ್ದು, ನನ್ನನ್ನು ಅಂಗಳದಾಚೆ ಗೇಟಿನ ಹತ್ತಿರ ನಿಲ್ಲಲು ಹೇಳಿದರು. ನಿಂತೆ. ಮಟಮಟ ಮಧ್ಯಾಹ್ನ, ಹುಣಸೆಮರದ ನೆರಳು ಕೂಡ ಅಲುಗುತ್ತಿರಲಿಲ್ಲ. ಅವರು ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಕೂಗಿದರು: "ನಾರಾಯಣಸ್ವಾಮೀ!"

"ಓ, ಬಂದೆ" ಎಂದೆ. ಹಾಗೆ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ, ಮತ್ತು ಅದು ನನ್ನ ದನಿಯಷ್ಟು ಕೀರಲಾಗಿರಲಿಲ್ಲ. ಅಂಜಿನಮ್ಮ ಕಣ್ಣು ತೆರೆಯಲಿಲ್ಲ. ಮುಖ ಮಾತ್ರ ಸಡಿಲಾಯಿತು.

"ಬಂದೆ ಅಂತ ಅಲ್ಲೇ ನಿಂತ್ಕೊಂಡ್ರೆ ಹೆಂಗೆ?" ಎಂದು ಗದರಿದರು, ಅಡುಗೆಮನೆಯ ಕಡೆ ತಿರುಗುತ್ತಾ. "ಕಾಲು ತೊಳ್ಕೊಂಡು ಒಳಗೆ ಬನ್ನಿ, ಮುದ್ದೆ ಆರೋಗುತ್ತೆ."

ಮದುವೆಯಾದಾಗಿನಿಂದ ಸರೋಜ ಇದನ್ನೇ ದಿನಕ್ಕೊಮ್ಮೆ ಹೇಳುತ್ತಾಳೆ, ನಾನು ಒಂದು ದಿನವೂ ಕೇಳಿದವನಲ್ಲ. ಅಂದು ಮಾತ್ರ ತೊಟ್ಟಿಯ ಬಳಿಗೆ ಹೋಗಿ, ಎರಡೂ ಕಾಲನ್ನು ಹಿಮ್ಮಡಿಯವರೆಗೆ ಉಜ್ಜಿ ಉಜ್ಜಿ ತೊಳೆದುಕೊಂಡು, ತಲೆ ತಗ್ಗಿಸಿ ಒಳಗೆ ಹೋದೆ.